ಕೈಯಾರೆ ಚಾಕು ಮಾಡುವ ಪೂರ್ತಿ ಕ್ರಮ: ಯಾವುದು ಮೊದಲು, ಯಾವುದು ಆಮೇಲೆ

ಚಾಕು ಮಾಡಲು ಹೊರಟವರು ಸೋಲುವುದು ಹೆಚ್ಚಾಗಿ ಕೈಚಳಕ ಸಾಲದೆ ಅಲ್ಲ, ಕೆಲಸದ ಕ್ರಮ ತಪ್ಪಿ. ಉಕ್ಕಿಗೆ ಹದ ಹಾಕಿದ ಮೇಲೆ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದ ಮೇಲೆ, ತೂತು ಕೊರೆಯಲು ಹೋಗುತ್ತಾರೆ, ಒಂದರ ಹಿಂದೆ ಒಂದು ಡ್ರಿಲ್ ಬಿಟ್ ಸುಟ್ಟುಹೋಗುತ್ತದೆ. ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ತೀರಾ ತೆಳ್ಳಗೆ ಮಾಡಿ ಬೆಂಕಿಗೆ ಇಡುತ್ತಾರೆ, ಅಲಗು ಸೊಟ್ಟಗಾಗಿ ಹೊರಬರುತ್ತದೆ. ಹಿಡಿ ಅಂಟಿಸಿದ ಮೇಲೆ ಅಲಗು ಜಾಸ್ತಿ ಗಟ್ಟಿಯಾಗಿದೆ ಅಂತ ಗೊತ್ತಾಗುತ್ತದೆ. ಆಗ ತಲೆ ಮೇಲೆ ಕೈ ಇಟ್ಟು ಕೂರುವುದೊಂದೇ ದಾರಿ.

ಅದಕ್ಕೇ ಇಲ್ಲಿ ಪ್ರತಿ ಹಂತದಲ್ಲೂ ಉಕ್ಕು ಮೆತ್ತಗಿರುವಾಗ ಏನೆಲ್ಲ ಮುಗಿಸಬೇಕು, ಗಟ್ಟಿಯಾದ ಮೇಲೆ ಮಾಡಲು ಏನನ್ನು ಬಿಡಬೇಕು ಅಂತ ಹೇಳುತ್ತಾ ಹೋಗುತ್ತೇನೆ. ಇದು ಕುಲುಮೆಯಲ್ಲಿ ಬಡಿದು ಮಾಡುವ ಚಾಕು ಅಲ್ಲ. ಉಕ್ಕಿನ ಪಟ್ಟಿಯನ್ನು ಕೊಯ್ದು, ಉಜ್ಜಿ, ಆಕಾರಕ್ಕೆ ತರುವ ದಾರಿ. ಮೊದಲ ಚಾಕುವಿಗೆ ಇದೇ ಸರಿ.

1. ಮೊದಲು ಕಾಗದದ ಮೇಲೆ

ಹೊರಗಿನ ಕೆಲಸದ ಚಾಕು ಅಂದರೆ ಹಗ್ಗ ಕೊಯ್ಯಬೇಕು, ಕಟ್ಟಿಗೆ ಕೆತ್ತಬೇಕು, ಸಣ್ಣ ಕೊಂಬೆ ಸವರಬೇಕು, ಬೇಕಾದರೆ ತರಕಾರಿಯನ್ನೂ ಹೆಚ್ಚಬೇಕು. ಇಷ್ಟಕ್ಕೆ 9ರಿಂದ 10 ಸೆಂ.ಮೀ. ಅಲಗು, 11ರಿಂದ 12 ಸೆಂ.ಮೀ. ಹಿಡಿ ಧಾರಾಳ ಸಾಕು. ಅಲಗಿನ ಅಗಲ ಸುಮಾರು 28 ಮಿ.ಮೀ., ದಪ್ಪ 3ರಿಂದ 4 ಮಿ.ಮೀ. ಇರಲಿ. ಹೊಸಬರಿಗೆ ದಪ್ಪ ಉಕ್ಕಿನ ಮೇಲೆ ವಿಪರೀತ ಮೋಹ, 6 ಮಿ.ಮೀ. ಪಟ್ಟಿ ತಂದು ವಾರಗಟ್ಟಲೆ ಉಜ್ಜಿ ಕೊನೆಗೆ ಸಿಗುವುದು ಕಟ್ಟಿಗೆ ಸೀಳುವ, ಆದರೆ ಟೊಮೆಟೊ ಕೊಯ್ಯಲಾರದ ಒಂದು ಉಕ್ಕಿನ ತುಂಡು. ಅಲಗಿನ ಉದ್ದದ ಬಗ್ಗೆ, ಹೊರಗೆ ಒಯ್ಯುವ ಬಗ್ಗೆ ನಿಮ್ಮಲ್ಲಿ ಕಾನೂನು ಏನಿದೆ ಅಂತಲೂ ಈಗಲೇ ನೋಡಿಕೊಳ್ಳಿ.

ಹಿಡಿಯೊಳಗೆ ಕೂರುವ ಭಾಗವನ್ನು ಟ್ಯಾಂಗ್ ಅಂತಾರೆ. ಅದು ಹಿಡಿಯಷ್ಟೇ ಉದ್ದ, ಅಷ್ಟೇ ಅಗಲ ಇರುವಂತೆ ಬರೆಯಿರಿ. ಮಾಡಲೂ ಸುಲಭ, ಮುರಿಯುವುದೂ ಕಷ್ಟ. ಅಲಗು ಟ್ಯಾಂಗಿಗೆ ಸೇರುವ ಕಡೆ, ಬೆರಳು ಕೂರುವ ಕಡೆ, ಎಲ್ಲೂ ಚೂಪಾದ ಒಳಮೂಲೆ ಬೇಡ. ಎಲ್ಲ ಒಳಮೂಲೆಯೂ ದುಂಡಗಿರಲಿ. ಬಿಸಿ ಉಕ್ಕನ್ನು ಎಣ್ಣೆಗೆ ಅದ್ದಿದಾಗ ಬಿರುಕು ಹುಟ್ಟುವುದು ಹೆಚ್ಚಾಗಿ ಅಂಥ ಮೂಲೆಗಳಲ್ಲೇ.

ಚಿತ್ರ ಸರಿಹೋಯಿತು ಅನ್ನಿಸಿದ ಮೇಲೆ ಅದೇ ಆಕಾರವನ್ನು ಪ್ಲೈವುಡ್ಡಿನಲ್ಲಿ ಕೊಯ್ದು, ಹಿಡಿಯ ಎರಡೂ ಬದಿಗೆ ಮರದ ತುಂಡು ಅಂಟಿಸಿ, ಹತ್ತು ನಿಮಿಷ ಕೈಯಲ್ಲಿ ಹಿಡಿದು ಕೆತ್ತುವ ಹಾಗೆ ಆಡಿಸಿ ನೋಡಿ. ಕಿರುಬೆರಳು ಹಿಡಿಯಿಂದ ಜಾರುತ್ತಾ? ಅಂಗೈಗೆ ಎಲ್ಲಾದರೂ ಒತ್ತುತ್ತಾ? ಕಾಗದದ ಮೇಲೆ ಚೆಂದ ಕಾಣುವ ಬೆರಳಿನ ತಗ್ಗುಗಳು ಕೈಯಲ್ಲಿ ಹಿಡಿದಾಗ ಹಿಂಸೆ. ಹಿಡಿತ ಬದಲಿಸಿದ ಕೂಡಲೇ ಬೆರಳು ಉಬ್ಬಿನ ಮೇಲೆ ಬರುತ್ತದೆ. ನನ್ನ ಮಾತು ಕೇಳುವುದಾದರೆ ಅವು ಬೇಡವೇ ಬೇಡ.

2. ಉಕ್ಕು ಮತ್ತು ಸಾಮಾನು

ಉಕ್ಕಿನ ವಿಷಯದಲ್ಲಿ ಚೌಕಾಸಿ ಬೇಡ. 1084 ಅಥವಾ 1080 ಅಂತ ಗೊತ್ತಿರುವ ಉಕ್ಕಿನ ಪಟ್ಟಿಯನ್ನೇ ತನ್ನಿ, ಈ ಅಂಕಿಗಳು ಉಕ್ಕಿನ ಜಾತಿಯ ಹೆಸರು. 1084ರಲ್ಲಿ ಇಂಗಾಲ ಸುಮಾರು 0.84 ಶೇಕಡಾ. ಸರಳವಾದ ಕುಲುಮೆಯಲ್ಲಿ, ಅಡುಗೆ ಎಣ್ಣೆಯಲ್ಲಿ ಹದ ಹಾಕಲು ಇದರಷ್ಟು ಸಲೀಸಾದದ್ದು ಕಡಿಮೆ. 1095 ಹೆಸರಲ್ಲಿ ಹತ್ತಿರದ್ದು ಅನ್ನಿಸಿದರೂ ಅದಕ್ಕೆ ತೀರಾ ವೇಗವಾಗಿ ತಣಿಸುವ ಎಣ್ಣೆ ಬೇಕು, ಇಲ್ಲವಾದರೆ ಅರ್ಧಂಬರ್ಧ ಗಟ್ಟಿಯಾಗುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ 1,000 ಡಿಗ್ರಿಗೂ ಮೇಲಿನ ಶಾಖವನ್ನು ಹಿಡಿದಿಡುವ ಕುಲುಮೆ ಬೇಕು. ಅದನ್ನು ಈಗ ಮರೆತುಬಿಡಿ.

ಗುಜರಿಯ ಲೀಫ್ ಸ್ಪ್ರಿಂಗ್, ಹಳೆಯ ಅರ, ಗರಗಸದ ಅಲಗು ಪುಕ್ಕಟೆ ಸಿಗುತ್ತವೆ ನಿಜ. ಆದರೆ ಅದು ಯಾವ ಉಕ್ಕು ಅಂತ ಗೊತ್ತಿಲ್ಲದಿದ್ದರೆ ಎಷ್ಟು ಶಾಖ ಕೊಡಬೇಕು ಅನ್ನುವುದೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗಿನೊಳಗೆ ಕಣ್ಣಿಗೆ ಕಾಣದ ಬಿರುಕು ಇದ್ದರೂ ಇರಬಹುದು. ಅಷ್ಟೆಲ್ಲ ದುಡಿದ ಮೇಲೆ ಎಣ್ಣೆಯಲ್ಲಿ 'ಟಿಕ್' ಅಂತ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಸತುವಿನ ಲೇಪ ಇರುವ ಯಾವ ಕಬ್ಬಿಣವನ್ನೂ ಬೆಂಕಿಗೆ ಇಡಬೇಡಿ, ಅದರ ಹೊಗೆ ವಿಷ.

ಸಾಮಾನು ಬಹಳ ಬೇಕಿಲ್ಲ. ಗಟ್ಟಿಯಾಗಿ ಕೂತ ವೈಸ್, ಹ್ಯಾಕ್ಸಾ, ಒಂದು ಒರಟು ಅರ, ಒಂದು ನಯ ಅರ, ಡ್ರಿಲ್, ಕ್ಲಾಂಪುಗಳು, 120ರಿಂದ 600ರವರೆಗಿನ ಎಮೆರಿ ಪೇಪರ್ (ಅಂಕಿ ಹೆಚ್ಚಿದಷ್ಟೂ ನಯ), ಕಾಯಿಸಲು ಸರಳವಾದ ಕುಲುಮೆ, ಅಯಸ್ಕಾಂತ, ಓವನ್ ಮತ್ತು ಅದರೊಳಗೆ ಇಡುವ ಬೇರೆ ಥರ್ಮಾಮೀಟರ್. ಬೆಲ್ಟ್ ಗ್ರೈಂಡರ್ ಇದ್ದರೆ ಕೆಲಸ ಬೇಗ ಆಗುತ್ತದೆ, ಹಾಗೆಯೇ ತಪ್ಪೂ ಬೇಗ ಆಗುತ್ತದೆ. ಕನ್ನಡಕ, ದೂಳು ತಡೆಯುವ ಒಳ್ಳೆಯ ಮಾಸ್ಕ್ ಕಡ್ಡಾಯ. ತಿರುಗುವ ಯಂತ್ರದ ಮುಂದೆ ಕೈಗವಸು, ಸಡಿಲ ತೋಳು, ಇಳಿಬಿಟ್ಟ ಕೂದಲು ಬೇಡ, ಸಿಕ್ಕಿಹಾಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.

3. ಆಕಾರ ಕೊಯ್ಯುವುದು, ತೂತು ಕೊರೆಯುವುದು

ಪ್ಲೈವುಡ್ ಮಾದರಿಯನ್ನು ಪಟ್ಟಿಯ ಮೇಲಿಟ್ಟು ಗೆರೆ ಗೀರಿ. ಗೆರೆಯಿಂದ 1 ಮಿ.ಮೀ. ಹೊರಗೆ ಕೊಯ್ಯಿರಿ, ಉಳಿದದ್ದನ್ನು ಅರದಿಂದ ಗೆರೆಯವರೆಗೆ ತನ್ನಿ. ಅವಸರದಲ್ಲಿ ಗೆರೆಯ ಮೇಲೇ ಕೊಯ್ದರೆ ಚಾಕು ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಕಿರಿದಾಗುತ್ತಾ ಹೋಗುತ್ತದೆ.

ಟ್ಯಾಂಗಿನ ತೂತುಗಳನ್ನು ಈಗಲೇ ಕೊರೆಯಬೇಕು, ಉಕ್ಕು ಮೆತ್ತಗಿರುವಾಗ. ಹಿಡಿಯ ಹಲಗೆಗಳನ್ನು ಟ್ಯಾಂಗಿಗೆ ಸೇರಿಸಿ ಹಿಡಿಯುವ ಸಣ್ಣ ಸರಳಿಗೆ ಪಿನ್ ಅಂತಾರೆ. ಪಿನ್ನಿಗೆ ಎರಡು ತೂತು, ಪಿನ್ನಿಗಿಂತ ಕೂದಲೆಳೆ ದೊಡ್ಡದಾಗಿ. 5 ಮಿ.ಮೀ. ಪಿನ್ನಿಗೆ 5.1 ಅಥವಾ 5.2 ಮಿ.ಮೀ. ತೂತು ಸರಿ. ನಡುವೆ ಇನ್ನೂ ಮೂರು ನಾಲ್ಕು ತೂತು ಹೆಚ್ಚಿಗೆ ಕೊರೆದರೆ ತೂಕವೂ ಇಳಿಯುತ್ತದೆ, ಎರಡೂ ಬದಿಯ ಅಂಟು ಅದರೊಳಗೆ ಕೂಡಿಕೊಂಡು ಹಿಡಿಯೂ ಗಟ್ಟಿಯಾಗುತ್ತದೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೊರೆಯಬೇಡಿ. ಬಿಟ್ ಆಚೆ ಬದಿಗೆ ಹೊರಬೀಳುವ ಕ್ಷಣದಲ್ಲಿ ಉಕ್ಕನ್ನು ಕಚ್ಚಿ ಗಿರ್ರನೆ ತಿರುಗಿಸುತ್ತದೆ. ಕ್ಲಾಂಪ್ ಹಾಕಿ, ನಿಧಾನ ವೇಗ, ಒಂದೆರಡು ಹನಿ ಎಣ್ಣೆ.

4. ಇಳಿಜಾರು ತರುವುದು

ಅಲಗು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ತೆಳುವಾಗುತ್ತಾ ಬರುವುದೇ ಇಳಿಜಾರು. ಮೊದಲು ಬಾಯಿಯ ಅಂಚಿಗೆ ಮಾರ್ಕರ್ ಬಳಿದು ನಡುಗೆರೆ ಹಾಕಿಕೊಳ್ಳಿ. ಇದಕ್ಕೊಂದು ಸುಲಭ ಉಪಾಯ ಇದೆ: ಉಕ್ಕಿನ ದಪ್ಪದಷ್ಟೇ ದಪ್ಪವಿರುವ ಡ್ರಿಲ್ ಬಿಟ್ಟನ್ನು ಸಪಾಟು ಕಲ್ಲಿನ ಮೇಲೆ ಮಲಗಿಸಿ, ಅಲಗನ್ನೂ ಅದೇ ಕಲ್ಲಿನ ಮೇಲೆ ಮಲಗಿಸಿ, ಬಿಟ್ಟಿನ ಮೊನೆಗೆ ಅಂಚನ್ನು ತಾಗಿಸಿ ಎಳೆಯಿರಿ. ಮೊನೆ ಸರಿಯಾಗಿ ನಡುವೆ ಗೀರುತ್ತದೆ. ಅಲಗನ್ನು ಮಗುಚಿ ಇನ್ನೊಮ್ಮೆ ಎಳೆಯಿರಿ. ಬಿಟ್ ತುಸು ಹೆಚ್ಚುಕಡಿಮೆ ಇದ್ದರೆ ಎರಡು ಗೆರೆ ಬೀಳುತ್ತದೆ, ಅವುಗಳ ನಡುವೆ ನಿಮ್ಮ ಕೆಲಸ.

ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಅತ್ತ ಹತ್ತು ಸಲ, ಇತ್ತ ಹತ್ತು ಸಲ ಉಜ್ಜುತ್ತಾ ಎರಡನ್ನೂ ಜೊತೆಗೇ ಇಳಿಸಿ. ಮೊದಲು ಅಂಚಿನಲ್ಲಿ ಕಡಿದಾದ ಕೋನ ತೆಗೆದು, ಆ ಕೋನವನ್ನು ಸ್ವಲ್ಪ ಸ್ವಲ್ಪವೇ ಬೆನ್ನಿನ ಕಡೆಗೆ ಹತ್ತಿಸುತ್ತಾ ಹೋಗಿ. ಇಳಿಜಾರು ಹಿಡಿಯ ಹತ್ತಿರ ಮುಗಿಯುವ ಗೆರೆ ಎರಡೂ ಬದಿಯಲ್ಲಿ ಎದುರುಬದುರು ಬರಬೇಕಲ್ವಾ, ಅದಕ್ಕೆ ಅಲ್ಲಿ ಒಂದು ಗಟ್ಟಿ ಉಕ್ಕಿನ ತುಂಡನ್ನು ಕ್ಲಾಂಪ್ ಮಾಡಿ ಅದಕ್ಕೆ ತಾಗಿಸಿ ಉಜ್ಜಿದರೆ ಅರ ದಾಟಿ ಹೋಗುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಈ ಹಂತದ ಜೀವ. ಬಾಯಿಯ ದಪ್ಪ ಸುಮಾರು 0.8 ಮಿ.ಮೀ. ಇರುವಾಗಲೇ ನಿಲ್ಲಿಸಿ. ಇನ್ನೊಂದು ಚೂರು ತೆಳ್ಳಗೆ ಮಾಡೋಣ ಅನ್ನಿಸುತ್ತದೆ, ಬೇಡ. ತೆಳು ಬಾಯಿ ಬೆಂಕಿಯಲ್ಲಿ ಬೇಗ ಕಾದು ಇಂಗಾಲ ಕಳೆದುಕೊಳ್ಳುತ್ತದೆ, ಎಣ್ಣೆಯಲ್ಲಿ ಅಲೆಅಲೆಯಾಗುತ್ತದೆ. ಕೊನೆಗೆ 120, ಆಮೇಲೆ 220 ಪೇಪರಿನಲ್ಲಿ ಉದ್ದಕ್ಕೆ ಉಜ್ಜಿ, ಅಡ್ಡ ಗೀರುಗಳು ಒಂದೂ ಉಳಿಯದಂತೆ ನೋಡಿಕೊಳ್ಳಿ. ಆಳವಾದ ಅಡ್ಡ ಗೀರು ಬಿರುಕಿಗೆ ದಾರಿ.

5. ಗಟ್ಟಿ ಮಾಡುವುದು

ಇಲ್ಲಿ ನಿಧಾನ ಬೇಕು. ಚಾಕು ಚಾಕು ಆಗುವುದೂ, ಗುಜರಿಗೆ ಹೋಗುವುದೂ ಈ ಹಂತದಲ್ಲೇ.

ಮೊದಲು ಎಣ್ಣೆ ಸಿದ್ಧವಾಗಲಿ. ಕ್ಯಾನೋಲಾದಂಥ ಅಡುಗೆ ಎಣ್ಣೆ 4 ಲೀಟರ್, ಮುಚ್ಚಳ ಇರುವ ಲೋಹದ ಡಬ್ಬದಲ್ಲಿ. ಪ್ಲಾಸ್ಟಿಕ್ ಬೇಡ. ಗಾಡಿಯ ಹಳೆ ಎಣ್ಣೆಯೂ ಬೇಡ, ಅದರ ಹೊಗೆ ಕೆಟ್ಟದ್ದು. ಎಣ್ಣೆಯನ್ನು 50ರಿಂದ 55 ಡಿಗ್ರಿಗೆ ಬಿಸಿ ಮಾಡಿ. ಬಿಸಿ ಎಣ್ಣೆ ನಿಧಾನವಾಗಿ ತಣಿಸುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಆಗುವುದು ತಿರುಗಾಮುರುಗ: ಬೆಚ್ಚಗಿನ ಎಣ್ಣೆ ತೆಳುವಾಗಿ ಉಕ್ಕಿಗೆ ಚೆನ್ನಾಗಿ ಹೊಂದಿಕೊಂಡು ಬೇಗ ಶಾಖ ಎಳೆಯುತ್ತದೆ. ಈ ಕೆಲಸ ಬಯಲಲ್ಲೇ ಮಾಡಿ. ಬೆಂಕಿ ಹತ್ತಿಕೊಂಡರೆ ಮುಚ್ಚಳ ಮುಚ್ಚಿ, ಪಕ್ಕದಲ್ಲಿ ಒಣ ಮರಳಿರಲಿ. ಉರಿಯುವ ಎಣ್ಣೆಗೆ ನೀರು ಹಾಕಿದರೆ ಬೆಂಕಿಯೇ ಮೇಲಕ್ಕೆ ಚಿಮ್ಮುತ್ತದೆ.

ನಿಮ್ಮ ಚಾಕುವಿಗಿಂತ ಮೊದಲು ಅದೇ ಪಟ್ಟಿಯಿಂದ ಕೊಯ್ದು ಉಳಿದ ಒಂದು ತುಂಡಿನ ಮೇಲೆ ಪ್ರಯೋಗ ಮಾಡಿ. ಕಾಯಿಸಿ, ಎಣ್ಣೆಗೆ ಅದ್ದಿ, ತಣಿದ ಮೇಲೆ ದಪ್ಪ ಬಟ್ಟೆ ಸುತ್ತಿ ವೈಸಿನಲ್ಲಿ ಹಿಡಿದು ಮುರಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಮಬ್ಬು ಬೂದು ಬಣ್ಣ, ಮಖಮಲ್ಲಿನ ಹಾಗೆ ನುಣುಪು ಇದ್ದರೆ ಶಾಖ ಸರಿಯಾಗಿತ್ತು. ಒಡೆದ ಕಲ್ಲುಪ್ಪಿನಂತೆ ಕಣಕಣವಾಗಿ ಮಿನುಗಿದರೆ ಜಾಸ್ತಿ ಕಾಯಿಸಿದ್ದೀರಿ ಅಂತ ಅರ್ಥ. ಅಂಥ ಕಣ ಇರುವ ಅಲಗು ಎಷ್ಟೇ ಹರಿತವಾದರೂ ಒಂದು ದಿನ ಮುರಿಯುವುದೇ.

ಇನ್ನು ಅಲಗು. ಬಯಲಲ್ಲೇ ಆದರೂ ನೆರಳಿರುವ, ಬೆಳಕು ಕಡಿಮೆ ಇರುವ ಕಡೆ ಕಾಯಿಸಿ, ಬಿಸಿಲಲ್ಲಿ ಉಕ್ಕಿನ ಬಣ್ಣ ಮೋಸ ಮಾಡುತ್ತದೆ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಗೇ ನಿಲ್ಲಿಸುವುದು ಒಂದು ತಪ್ಪು, ಅಲ್ಲಿಂದ ಕಿತ್ತಳೆ ಹಳದಿ ಆಗುವವರೆಗೆ ಬಿಡುವುದು ಇನ್ನೊಂದು ತಪ್ಪು. 1084ಕ್ಕೆ ಬೇಕಾದ್ದು 800ರಿಂದ 815 ಡಿಗ್ರಿ, ಅಂದರೆ ಅಯಸ್ಕಾಂತ ಬಿಟ್ಟ ಮೇಲೆ ಇನ್ನೊಂದು ಛಾಯೆ ಬೆಳಗುವಷ್ಟು ಮಾತ್ರ. ಅಲಗನ್ನು ಬೆಂಕಿಯಲ್ಲಿ ಹಿಂದೆಮುಂದೆ ಆಡಿಸುತ್ತಿರಿ, ಮೊನೆ ತೆಳುವಾದ್ದರಿಂದ ಅದೇ ಮೊದಲು ಕಾಯುತ್ತದೆ. ಬಾಯಿ ಉದ್ದಕ್ಕೂ ಬಣ್ಣ ಒಂದೇ ಸಮ ಆದ ಮೇಲೆ ಹೊರತೆಗೆಯಿರಿ.

ಹೊರತೆಗೆದದ್ದೇ ತಡ ಎಣ್ಣೆಯೊಳಗೆ. ಬೆಂಕಿಗೂ ಎಣ್ಣೆಗೂ ಒಂದು ಹೆಜ್ಜೆಗಿಂತ ದೂರ ಇರಬಾರದು. ಮೊನೆ ಕೆಳಗಾಗಿ ನೇರ ಇಳಿಸಿ, ಅಲಗಿನ ಬಾಯಿ ಬೆನ್ನಿನ ದಿಕ್ಕಿನಲ್ಲಿ, ಕೊಯ್ಯುವ ಹಾಗೆ ಆಡಿಸಿ. ಪಕ್ಕಕ್ಕೆ ಅಲ್ಲಾಡಿಸಿದರೆ ಒಂದು ಬದಿ ಬೇಗ ತಣಿದು ಸೊಟ್ಟ ಬೀಳುತ್ತದೆ. ಹತ್ತು ಹನ್ನೆರಡು ಸೆಕೆಂಡಿನ ನಂತರ ಹೊರತೆಗೆದು ನೋಟ ಹಾಯಿಸಿ. ಸ್ವಲ್ಪ ಸೊಟ್ಟ ಕಂಡರೆ ಇನ್ನೂ ಬಿಸಿ ಇರುವಾಗಲೇ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ಮೆಲ್ಲಗೆ ತಿದ್ದಬಹುದು, ಅದಕ್ಕೆ ಸಿಗುವ ಸಮಯ ಕೆಲವೇ ಸೆಕೆಂಡು. ಪೂರ್ತಿ ತಣಿದ ಮೇಲೆ ಬಗ್ಗಿಸಲು ಹೋದರೆ ಎರಡು ತುಂಡು.

ಈಗ ಅರದ ಪರೀಕ್ಷೆ. ಬಾಯಿಯ ಮೇಲೆ ಅರ ಎಳೆಯಿರಿ. ಮೊದಲ ಒಂದೆರಡು ಎಳೆತದಲ್ಲಿ ಕಚ್ಚಿದರೆ ಗಾಬರಿ ಬೇಡ, ಮೇಲ್ಪದರದಲ್ಲಿ ಇಂಗಾಲ ಸುಟ್ಟುಹೋಗಿ ಮೆತ್ತಗಿರುತ್ತದೆ. ಅದು ಹೋದ ಮೇಲೆ ಅರ ಜಾರಬೇಕು, ಕಿರ್ರ್ ಅಂತ ತೆಳು ಸದ್ದು ಬರಬೇಕು. ಆಮೇಲೂ ಕಚ್ಚುತ್ತಲೇ ಇದ್ದರೆ ಅಲಗು ಗಟ್ಟಿಯಾಗಿಲ್ಲ, ಇನ್ನೊಮ್ಮೆ ಕಾಯಿಸಿ ಅದ್ದಿ.

6. ಟೆಂಪರ್ ಮಾಡುವುದು

ಈಗ ನಿಮ್ಮ ಕೈಯಲ್ಲಿರುವುದು ನೆಲಕ್ಕೆ ಬಿದ್ದರೆ ಒಡೆಯುವ ವಸ್ತು. ಕಡಿಮೆ ಶಾಖದಲ್ಲಿ ಮತ್ತೆ ಕಾಯಿಸಿ ಆ ಒಡೆಯುವ ಗುಣವನ್ನು ಇಳಿಸುವುದೇ ಟೆಂಪರ್. ನಾಳೆ ಮಾಡೋಣ ಅಂತ ಇಡಬೇಡಿ. ಎಣ್ಣೆ ಒರೆಸಿ, ಒಂದು ಬದಿಯಲ್ಲಿ ಬಿಳಿ ಉಕ್ಕು ಕಾಣುವಷ್ಟು ಉಜ್ಜಿ, ಕೈಗೆ ಬೆಚ್ಚಗಿರುವಾಗಲೇ ಓವನ್ನಿಗೆ ಇಡಿ.

200ರಿಂದ 210 ಡಿಗ್ರಿ, ಎರಡು ಗಂಟೆ. ಹೊರತೆಗೆದು ಪೂರ್ತಿ ತಣಿಸಿ. ಮತ್ತೆ ಎರಡು ಗಂಟೆ. ಓವನ್ನಿನ ಮೇಲೆ ಬರೆದಿರುವ ಅಂಕಿಯನ್ನು ನಂಬಬೇಡಿ, ಒಳಗಿಟ್ಟ ಥರ್ಮಾಮೀಟರನ್ನು ನಂಬಿ. ಓವನ್ನಿನ ಶಾಖ ಏರಿಳಿಯುತ್ತಿರುತ್ತದೆ, ಅದಕ್ಕೆ ಒಂದು ತಟ್ಟೆಯಲ್ಲಿ ಒಣ ಮರಳು ಹಾಕಿ ಮೊದಲೇ ಕಾಯಿಸಿ ಅದರೊಳಗೆ ಅಲಗನ್ನು ಹುಗಿದರೆ ಸಮನಾಗಿ ಕಾಯುತ್ತದೆ. ಉಜ್ಜಿದ ಜಾಗ ಒಣಹುಲ್ಲಿನ ತಿಳಿ ಹಳದಿಗೆ ಬಂದರೆ ಸರಿ. ಕಂದು, ನೇರಳೆ ಆಗಿದ್ದರೆ ಶಾಖ ಹೆಚ್ಚಾಗಿದೆ. ನೀಲಿ ಅಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, ಆ ಬಾಯಿ ಹರಿತ ಹಿಡಿಯುವುದಿಲ್ಲ. ಮತ್ತೆ ಗಟ್ಟಿ ಮಾಡುವ ಹಂತಕ್ಕೆ ಹಿಂತಿರುಗಬೇಕು.

ಮೊದಲ ಸುತ್ತಿನ ನಂತರವೂ ಸೊಟ್ಟ ಉಳಿದಿದ್ದರೆ ಎರಡನೇ ಸುತ್ತಿನಲ್ಲಿ ಅಲಗನ್ನು ಒಂದು ದಪ್ಪ ಉಕ್ಕಿನ ಪಟ್ಟಿಗೆ ಕ್ಲಾಂಪ್ ಮಾಡಿ, ಸೊಟ್ಟಿನ ಕೆಳಗೆ ಒಂದು ತೆಳು ತುಂಡು ಇಟ್ಟು ವಿರುದ್ಧ ದಿಕ್ಕಿಗೆ ತುಸು ಬಾಗಿಸಿ, ಹಾಗೇ ಓವನ್ನಿಗೆ ಇಡಿ. ಬಹುಪಾಲು ನೇರವಾಗಿ ಬರುತ್ತದೆ.

7. ಬಾಯಿಯನ್ನು ತೆಳ್ಳಗೆ ಮಾಡುವುದು, ಪರೀಕ್ಷೆ

ಇನ್ನು ಮುಂದೆ ಶಾಖವೇ ಶತ್ರು. ಗ್ರೈಂಡರಿನಲ್ಲಿ ಬರಿಗೈಯಲ್ಲಿ ಹಿಡಿದು ಉಜ್ಜಿ, ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ. ಬೆರಳಿಗೆ ಬಿಸಿ ತಾಗಿದರೆ ತಡವಾಯಿತು ಅಂತಲೇ ಲೆಕ್ಕ. ಸವೆದ ಬೆಲ್ಟ್ ಕೊಯ್ಯುವುದಕ್ಕಿಂತ ಕಾಯಿಸುವುದೇ ಜಾಸ್ತಿ, ಅದಕ್ಕೆ ಹೊಸ ಬೆಲ್ಟ್ ಹಾಕಿ. ಮೊನೆಯಲ್ಲಿ ಒಂದು ಕ್ಷಣ ನೀಲಿ ಮಿಂಚಿದರೂ ಅಷ್ಟು ಭಾಗದ ಹದ ಹೋಯಿತು. ಗ್ರೈಂಡರ್ ಇಲ್ಲದವರು ಸಪಾಟು ಹಲಗೆಗೆ 120 ಪೇಪರ್ ಅಂಟಿಸಿ ನೀರು ಹಾಕಿ ಕೈಯಲ್ಲೇ ಉಜ್ಜಬಹುದು, ಬೇಸರದ ಕೆಲಸ, ಆದರೆ ಹದ ಕೆಡುವ ಭಯವಿಲ್ಲ. ಬಾಯಿಯ ದಪ್ಪ 0.4 ಮಿ.ಮೀ. ಆಸುಪಾಸಿಗೆ ಬರಲಿ. ಆಮೇಲೆ 220, 400, 600 ಪೇಪರುಗಳಲ್ಲಿ ಒಂದಾದ ಮೇಲೊಂದು, ಹಿಂದಿನ ಗೀರು ಪೂರ್ತಿ ಹೋಗುವವರೆಗೆ.

ಹಿಡಿ ಹಾಕುವ ಮೊದಲು ಒಮ್ಮೆ ಸಾಣೆ ಹಿಡಿದು ಪರೀಕ್ಷೆ ಮಾಡಲೇಬೇಕು. ಈ ಹಂತವನ್ನು ಹಾರಿಸುವವರೇ ಹೆಚ್ಚು. ಟೆಂಪರ್ ತಪ್ಪಿದೆ ಅಂತ ಈಗ ಗೊತ್ತಾದರೆ ಓವನ್ನಿಗೆ ಇಡಬಹುದು, ಮರವೂ ಅಂಟೂ ಸೇರಿದ ಮೇಲೆ ಸಾಧ್ಯವಿಲ್ಲ. ಸುಮಾರು 6 ಮಿ.ಮೀ. ದಪ್ಪದ ಹಿತ್ತಾಳೆ ಸರಳನ್ನು ವೈಸಿಗೆ ಅಡ್ಡಲಾಗಿ ಸಿಕ್ಕಿಸಿ, ಬಾಯಿಯನ್ನು ಅದರ ಮೇಲೆ ಓರೆಯಾಗಿ ಒತ್ತಿ ಎಳೆಯಿರಿ. ದೀಪದ ಬೆಳಕಲ್ಲಿ ನೋಡಿದರೆ ಬಾಯಿ ಸರಳಿನ ಮೇಲೆ ತುಸು ಬಾಗುವುದು ಕಾಣುತ್ತದೆ. ಬಾಗಿ ವಾಪಸು ನೇರವಾದರೆ ಹದ ಸರಿ. ಚಕ್ಕೆ ಎದ್ದರೆ ಜಾಸ್ತಿ ಗಟ್ಟಿ, 10 ಡಿಗ್ರಿ ಹೆಚ್ಚಿಗೆ ಕೊಟ್ಟು ಇನ್ನೊಂದು ಸುತ್ತು ಟೆಂಪರ್ ಮಾಡಿ. ಬಾಗಿ ಹಾಗೇ ಉಳಿದರೆ ಮೆತ್ತಗಾಗಿದೆ ಅಥವಾ ಬಾಯಿ ತೀರಾ ತೆಳುವಾಗಿದೆ. ಒಂದೆರಡು ಮಿಲಿಮೀಟರ್ ಉಜ್ಜಿ ತೆಗೆದು ಮತ್ತೆ ನೋಡಿ, ಆಗಲೂ ಹಾಗೇ ಆದರೆ ಮತ್ತೆ ಗಟ್ಟಿ ಮಾಡಬೇಕು.

ಪರೀಕ್ಷೆ ಮುಗಿದ ಮೇಲೆ ಬಾಯಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಅಲಗಿಗೆಲ್ಲ ಟೇಪ್ ಸುತ್ತಿ. ಹರಿತವಾದ ಅಲಗಿಗೆ ಹಿಡಿ ಹಾಕಲು ಕೂತು ಕೈ ಕೊಯ್ದುಕೊಂಡವರು ಬೇಕಾದಷ್ಟು ಜನ.

8. ಹಿಡಿ

ಚೆನ್ನಾಗಿ ಒಣಗಿದ ಗಟ್ಟಿ ಮರ ಅಥವಾ ಮೈಕಾರ್ಟಾ (ಬಟ್ಟೆ ಇಲ್ಲವೇ ಕಾಗದದ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ). ಹಸಿ ಮರ ಆಮೇಲೆ ಕುಗ್ಗಿ ಟ್ಯಾಂಗಿನ ಅಂಚು ಹೊರಗೆ ಚುಚ್ಚುತ್ತದೆ. ಒಂದೊಂದು ಬದಿಗೂ 8ರಿಂದ 10 ಮಿ.ಮೀ. ದಪ್ಪದ ಹಲಗೆ, ಒಳಮುಖ ಪೂರ್ತಿ ಸಪಾಟಾಗಿರಬೇಕು. ಟ್ಯಾಂಗಿಗೆ ಹಚ್ಚಿ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಾಣಬಾರದು. ಕೆಲವು ಮರದ ದೂಳು ಚರ್ಮಕ್ಕೂ ಶ್ವಾಸಕ್ಕೂ ಆಗುವುದಿಲ್ಲ, ಮೈಕಾರ್ಟಾದ ದೂಳಂತೂ ಯಾರಿಗೂ ಒಳ್ಳೆಯದಲ್ಲ, ಮಾಸ್ಕ್ ತೆಗೆಯಬೇಡಿ.

ಒಂದು ಹಲಗೆಯನ್ನು ಟ್ಯಾಂಗಿಗೆ ಕ್ಲಾಂಪ್ ಮಾಡಿ, ಟ್ಯಾಂಗಿನ ತೂತಿನ ಮೂಲಕವೇ ಕೊರೆಯಿರಿ. ಇನ್ನೊಂದಕ್ಕೂ ಹಾಗೇ. ಆಮೇಲೆ ಎರಡೂ ಹಲಗೆಯನ್ನು ಪಿನ್ನಿನ ಮೇಲೆ ಜೋಡಿಸಿ, ಅಲಗಿನ ಕಡೆ ಬರುವ ಮುಂತುದಿಯನ್ನು ಒಟ್ಟಿಗೆ ದುಂಡಗೆ ಮಾಡಿ, 600ರವರೆಗೆ ಉಜ್ಜಿ ನಯ ಮಾಡಿ ಮುಗಿಸಿ. ಅಂಟಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ, ಹೋದರೂ ಅಲಗಿಗೆ ಗೀರು ಬೀಳುತ್ತದೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ 24 ಗಂಟೆಯ ಎಪಾಕ್ಸಿಯೇ ಬೇಕು, ಐದು ನಿಮಿಷದ್ದು ಬೇಡ. ಟ್ಯಾಂಗನ್ನು ಒರಟು ಪೇಪರಿನಲ್ಲಿ ಉಜ್ಜಿ ಅಸಿಟೋನಿನಲ್ಲಿ ಒರೆಸಿ. ಒರೆಸಿದ ಮೇಲೆ ಬೆರಳು ಮುಟ್ಟಿಸಬೇಡಿ, ಬೆರಳಿನ ಜಿಡ್ಡೇ ಸಾಕು ಅಂಟು ಬಿಡಲು. ಕ್ಲಾಂಪನ್ನು ಬಲ ಹಾಕಿ ಬಿಗಿಯುವುದು ಇಲ್ಲಿನ ದೊಡ್ಡ ತಪ್ಪು. ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಸಂದಿ ಮುಚ್ಚುವಷ್ಟು ಬಿಗಿ ಸಾಕು. ಮುಂತುದಿಯಲ್ಲಿ ಹೊರಬಂದ ಅಂಟನ್ನು ಅದು ಗಟ್ಟಿಯಾಗುವ ಮೊದಲೇ ಅಸಿಟೋನ್ ಬಟ್ಟೆಯಲ್ಲಿ ಒರೆಸಿಬಿಡಿ.

ಮರುದಿನ ಆಕಾರ ಕೊಡಿ. ಅಡ್ಡ ಕೊಯ್ದು ನೋಡಿದರೆ ಮೊಟ್ಟೆಯಾಕಾರ ಕಾಣಬೇಕು, ದುಂಡಗಲ್ಲ. ದುಂಡು ಹಿಡಿ ಕೈಯಲ್ಲಿ ತಿರುಗುತ್ತದೆ, ಬಾಯಿ ಯಾವ ಕಡೆ ಇದೆ ಅಂತ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಪಿನ್ನಿನ ತುದಿ ಉಜ್ಜುವಾಗ ಅದು ಕಾದರೆ ಒಳಗಿನ ಎಪಾಕ್ಸಿ ಸೋಲುತ್ತದೆ, ಬಿಟ್ಟು ಬಿಟ್ಟು ಉಜ್ಜಿ. ಮರಕ್ಕೆ ಅಗಸೆ ಎಣ್ಣೆ ಹಚ್ಚುವುದಾದರೆ ಆ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ ಅಥವಾ ಹೊರಗೆ ಬಿಡಿಸಿ ಹರಡಿ.

9. ಸಾಣೆ

ಟೇಪ್ ಬಿಚ್ಚಿ. ಹೊರಗಿನ ಕೆಲಸಕ್ಕೆ ಒಂದು ಬದಿಗೆ 20 ಡಿಗ್ರಿ ಕೋನ ಸರಿ. ಅಲಗು 28 ಮಿ.ಮೀ. ಅಗಲ ಇದ್ದರೆ ಬೆನ್ನು ಕಲ್ಲಿನಿಂದ ಸುಮಾರು 9ರಿಂದ 10 ಮಿ.ಮೀ. ಮೇಲೆ ನಿಲ್ಲಬೇಕು. 400ರ ಕಲ್ಲಿನಲ್ಲಿ ಒಂದೇ ಬದಿಯನ್ನು ಉಜ್ಜಿ, ಆಚೆ ಬದಿಯಲ್ಲಿ ಹಿಡಿಯಿಂದ ಮೊನೆಯವರೆಗೂ ಬೆರಳಿಗೆ ತಡೆಯುವ ಒಂದು ತೆಳು ಸಿಪ್ಪೆ ಏಳಬೇಕು. ಅದು ಏಳುವವರೆಗೆ ಬದಿ ಬದಲಿಸಬೇಡಿ. 'ಎಷ್ಟು ಉಜ್ಜಿದರೂ ಹರಿತ ಬರ್ತಿಲ್ಲ' ಅನ್ನುವವರು ಇಲ್ಲೇ ಎಡವುತ್ತಾರೆ. ಎರಡೂ ಬದಿ ಆದ ಮೇಲೆ 1000ದ ಕಲ್ಲು, ಆಮೇಲೆ ಚರ್ಮದ ಪಟ್ಟಿ. ಬಾಯಿಯನ್ನು ದೀಪದ ಕೆಳಗೆ ಮೇಲ್ಮುಖವಾಗಿ ಹಿಡಿಯಿರಿ. ಎಲ್ಲಾದರೂ ಬಿಳಿ ಗೆರೆ ಹೊಳೆದರೆ ಅಷ್ಟು ಜಾಗ ಇನ್ನೂ ಮೊಂಡು.

ಒಣಗಿದ ಗಟ್ಟಿ ಕಟ್ಟಿಗೆಯನ್ನು ಹತ್ತು ನಿಮಿಷ ಕೆತ್ತಿ ಮತ್ತೆ ಅದೇ ದೀಪದ ಕೆಳಗೆ ನೋಡಿ. ಬಾಯಿ ಹಾಗೇ ಇದ್ದರೆ ಒರೆ ಹೊಲಿಯಲು ಕೂರಬಹುದು. ಮರದ ತೊಗಟೆಯಲ್ಲಿ ಹದ ಮಾಡಿದ 3 ಮಿ.ಮೀ. ಚರ್ಮ ತನ್ನಿ, ಕ್ರೋಮ್ ಹಾಕಿ ಹದ ಮಾಡಿದ ಚರ್ಮ ಉಕ್ಕಿಗೆ ತುಕ್ಕು ತರಿಸಬಹುದು. ಹೊಲಿಗೆ ಬರುವ ಅಂಚಿನಲ್ಲಿ ಎರಡು ಪದರದ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಟ್ಟು ಹೊಲಿಯಿರಿ, ಇಲ್ಲದಿದ್ದರೆ ಚಾಕು ಹಾಕುವಾಗೆಲ್ಲ ಬಾಯಿ ದಾರವನ್ನೇ ಕೊಯ್ಯುತ್ತದೆ. ಒರೆ ಇರುವುದು ಚಾಕುವನ್ನು ಒಯ್ಯಲಿಕ್ಕೆ, ತಿಂಗಳುಗಟ್ಟಲೆ ಇಡಲಿಕ್ಕಲ್ಲ. ಚರ್ಮ ತೇವ ಹೀರಿಕೊಳ್ಳುತ್ತದೆ, 1084ಕ್ಕೆ ತುಕ್ಕು ಬೇಗ. ಕೆಲಸ ಮುಗಿದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಿ, ಒರೆಯ ಹೊರಗೇ ಇಡಿ.